ಕೆಳಗೆ ಗೃಹಪ್ರವೇಶ, ಮೇಲೆ ಪುರೋಹಿತರು

ಗೆರೆ ಎಂದರೆ ನನಗೆ ಚಿಕ್ಕಂದಿನಿಂದಲೂ ಭಯಭಕ್ತಿ. ಕಾಪಿ ಪುಸ್ತಕದಲ್ಲಿ ಒಂದು ಅಕ್ಷರದ ಕೊಂಬು ಗೆರೆ ದಾಟಿದರೂ ಅಳಿಸಿ ಮತ್ತೆ ಬರೆಯುತ್ತಿದ್ದೆ. ಕುಂಟೆಬಿಲ್ಲೆ ಆಡುವಾಗ ಗೆರೆ ತುಳಿದದ್ದನ್ನು ಯಾರೂ ನೋಡದಿದ್ದರೂ ನಾನೇ ಒಪ್ಪಿಕೊಂಡು ಆಟದಿಂದ ಹೊರಗೆ ಬರುತ್ತಿದ್ದೆ. ಹಾಗಾಗಿ ಯಾರೂ ನನ್ನನ್ನು ತಮ್ಮ ಕಡೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಮುಂದೆ ಪೀಣ್ಯದಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಸಿಕ್ಕಿದ ಕೆಲಸವೂ ತಪಾಸಣೆಯದೇ. ಬಿಡಿಭಾಗದ ಅಳತೆ ಗೆರೆಯೊಳಗಿದ್ದರೆ ಪಾಸು, ಕೂದಲೆಳೆಯಷ್ಟು ಆಚೆ ಹೋದರೆ ರಿಜೆಕ್ಟು. ದಿನವಿಡೀ ಇದನ್ನೇ ಹೇಳಿ ಹೇಳಿ, ಮನೆಗೆ ಬಂದು ದೋಸೆ ಸ್ವಲ್ಪ ವಕ್ರವಾಗಿದ್ದರೂ ತಟ್ಟೆಯನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಿದ್ದೆ. ನನ್ನ ಹೆಂಡತಿ ವಿಮಲ ಒಂದು ದಿನ ಆ ತಟ್ಟೆಯನ್ನೇ ತೆಗೆದಿಟ್ಟ ಮೇಲೆ ಆ ಅಭ್ಯಾಸ ನಿಂತಿತು. ಇಂಥ ಮನುಷ್ಯ ನಲವತ್ತು ದಾಟಿದ ಮೇಲೆ ಕಾರು ಕಲಿತು ಬೆಂಗಳೂರಿನ ಹೆದ್ದಾರಿಗೆ ಇಳಿದರೆ ಏನಾಗಬೇಕೋ ಅದೇ ಆಯಿತು.

ತುಮಕೂರು ರಸ್ತೆಯಲ್ಲಿ ಮೊದಲ ದಿನ ನನಗೆ ಕಂಡದ್ದು ರಸ್ತೆಯ ಮೈಮೇಲಿನ ಬಿಳಿ ಗೆರೆಗಳು. ಎರಡು ಗೆರೆಗಳ ನಡುವಿನ ಪಟ್ಟೆಯಲ್ಲಿ ಒಂದೊಂದೇ ಗಾಡಿ ಹೋಗಬೇಕೆಂದು ಪುಸ್ತಕದಲ್ಲಿ ಓದಿಕೊಂಡಿದ್ದೆ. ನನ್ನ ಮುಂದಿದ್ದ ಲಾರಿಯವನು ಆ ಗೆರೆಯನ್ನು ತನ್ನ ಚಕ್ರಗಳ ನಡುವೆ ಇಟ್ಟುಕೊಂಡು, ರೈಲಿಗೆ ಹಳಿ ಸಿಕ್ಕಿದಷ್ಟು ನೆಮ್ಮದಿಯಿಂದ ಹೋಗುತ್ತಿದ್ದ. ಎರಡು ಗೆರೆಗಳ ನಡುವೆ ನಾನು, ನನ್ನ ಎಡಕ್ಕೆ ಒಂದು ಆಟೋ, ಬಲಕ್ಕೆ ಎರಡು ಬೈಕು. ಡ್ರೈವಿಂಗ್ ಕಲಿಸುತ್ತಿದ್ದ ಮೇಷ್ಟ್ರನ್ನು ಕೇಳಿದೆ. ಅವರು ಪಾನ್ ಮಸಾಲೆ ಅಗಿಯುತ್ತಾ, "ಸಾರ್, ಗೆರೆ ನೋಡ್ಬೇಡಿ, ಗಾಡಿ ನೋಡಿ. ಗೆರೆ ಬಂದು ನಿಮ್ಗೆ ಗುದ್ದಲ್ಲ" ಅಂದರು. ಹಾಗಾದರೆ ಇಂಡಿಕೇಟರ್ ಹಾಕಬೇಕೋ ಬೇಡವೋ ಎಂದು ಕೇಳಿದೆ. "ಟೆಸ್ಟ್ ದಿನ ಹಾಕಿ. ಆಮೇಲೆ ಹಾಕಿದ್ರೆ ಹಿಂದಿನೋನು ಎಚ್ಚರ ಆಗ್ಬಿಡ್ತಾನೆ, ನುಗ್ಗಿ ಜಾಗ ಮುಚ್ಚಿಬಿಡ್ತಾನೆ" ಅಂದರು. ಇದು ತಮಾಷೆಯೋ ಪಾಠವೋ ನನಗೆ ತಿಳಿಯಲಿಲ್ಲ. ಎರಡೂ ಇರಬಹುದೆಂದು ಈಗ ಅನ್ನಿಸುತ್ತದೆ. ಆಗ ಮಾತ್ರ, ಊರೆಲ್ಲ ಕೆಟ್ಟರೂ ನಾನೊಬ್ಬ ನನ್ನ ಪಟ್ಟೆಯಲ್ಲಿ ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಇಷ್ಟರಲ್ಲಿ ವಿಮಲಳ ತಮ್ಮ ರಾಘು ಸಿಂಗಸಂದ್ರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ದಿನ ಇಟ್ಟ. ಅವರ ಮನೆತನದ ಪುರೋಹಿತರಾದ ಶ್ರೀಪತಿ ಭಟ್ಟರು ಇರುವುದು ಚಿಕ್ಕಬಾಣಾವರದಲ್ಲಿ, ನಮ್ಮದೇ ಬೀದಿಯಲ್ಲಿ. ಎಪ್ಪತ್ತು ದಾಟಿದವರು, ತೆಳ್ಳಗಿನ ಮೈ, ಮೆಲ್ಲಗಿನ ಮಾತು. ಅವರನ್ನು ಕರೆತರಲು ಕ್ಯಾಬ್ ಕಳಿಸುತ್ತೇನೆಂದು ರಾಘು ಫೋನ್ ಮಾಡಿದ. "ಮನೆಯಲ್ಲೇ ಕಾರಿರೋವಾಗ ಕ್ಯಾಬ್ ಯಾಕೋ? ನಾನೇ ಕರ್ಕೊಂಡು ಬರ್ತೀನಿ" ಅಂದೆ. ಅವನು, "ಭಾವ, ಎಂಟೂವರೆ ಒಳಗೆ ಹಾಲು ಉಕ್ಕಬೇಕು" ಅಂದ. ನನ್ನ ಮೇಲೆ ಅವನಿಗೆ ಗೌರವವಿತ್ತು, ನಂಬಿಕೆ ಇರಲಿಲ್ಲ. ಎರಡನೆಯದನ್ನು ಆ ದಿನ ಗಳಿಸಿಕೊಳ್ಳಬೇಕೆಂದು ನಾನು ನಿರ್ಧರಿಸಿದೆ.

ಬೆಳಕು ಹರಿಯುವ ಮೊದಲೇ ಹೊರಟೆವು. ಭಟ್ಟರು ಹಿಂದಿನ ಸೀಟಿನಲ್ಲಿ ಮಡಿಪಂಚೆ ಉಟ್ಟು, ದರ್ಭೆ ಸಮಿತ್ತುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ವಿಮಲ ನನ್ನ ಪಕ್ಕದಲ್ಲಿ, ತವರಿನ ರೇಷ್ಮೆ ಸೀರೆಯಲ್ಲಿ. ರಿಂಗ್ ರಸ್ತೆ ಹಿಡಿದು ಸಿಲ್ಕ್ ಬೋರ್ಡಿನವರೆಗೆ ಒಂದೇ ಒಂದು ಗೆರೆಯನ್ನೂ ತುಳಿಯದೆ ಬಂದೆ. ಹಿಂದಿನವರು ಬಿಡದೆ ಹಾರ್ನ್ ಮಾಡುತ್ತಿದ್ದರು. ಅದನ್ನು ನಾನು ಅವರ ಅಜ್ಞಾನವೆಂದು ಕ್ಷಮಿಸಿದೆ. ಹೊಸೂರು ರಸ್ತೆಗೆ ತಿರುಗಿದ ಮೇಲೆ ನಡುವಿನ ಪಟ್ಟೆ ಸಿಕ್ಕಿತು. ವೇಗವಾಗಿ ಹೋಗುವವರು ಬಲಕ್ಕೆ, ನಿಧಾನಿಗಳು ಎಡಕ್ಕೆ, ನನ್ನಂಥ ಸಭ್ಯರು ನಡುವೆ ಎಂದುಕೊಂಡು ಅದರಲ್ಲೇ ಸ್ಥಿರವಾದೆ. ಅಲ್ಲಿ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಮೇಲ್ಸೇತುವೆ ಆಗಷ್ಟೇ ಓಡಾಟಕ್ಕೆ ತೆರೆದಿತ್ತು. ಅದು ಎಲ್ಲೋ ಪಕ್ಕದಿಂದ ಹತ್ತಬೇಕಾದದ್ದು, ಹತ್ತಲು ಮನಸ್ಸಿದ್ದವರು ಮಾತ್ರ ಹತ್ತುತ್ತಾರೆ ಎಂದು ನಾನು ತಿಳಿದಿದ್ದೆ. ಫಲಕ ಇದ್ದಿರಬೇಕು, ನನ್ನ ಎಡಗಡೆ ಒಂದು ಬಸ್ಸು ಇದ್ದದ್ದಂತೂ ಖಂಡಿತ. ಬಸ್ಸು ಹಿಂದೆ ಸರಿಯುವ ಹೊತ್ತಿಗೆ ಎಡಗಡೆಯ ರಸ್ತೆ ಯಾಕೋ ತಗ್ಗಿನಲ್ಲಿ ಕಾಣಿಸಿತು. ಆಮೇಲೆ ಅಂಗಡಿಗಳ ಮೊದಲ ಮಹಡಿ ಕಾಣಿಸಿತು, ಆಮೇಲೆ ಎರಡನೆಯ ಮಹಡಿಯಲ್ಲಿ ಒಣಹಾಕಿದ ಬಟ್ಟೆ. ದೇವರಾಣೆಗೂ ನಾನು ಮೇಲೆ ಹತ್ತಲಿಲ್ಲ. ನಾನು ನನ್ನ ಪಟ್ಟೆಯಲ್ಲೇ ಇದ್ದೆ, ರಸ್ತೆಯೇ ಹತ್ತಿತು.

"ರೀ, ಇದು ಮೇಲೆ ಹೋಗ್ತಿದೆ" ಅಂದಳು ವಿಮಲ.

"ಮುಂದೆ ಇಳಿಯತ್ತೆ" ಅಂದೆ. ಅದು ನಿಜವೇ ಆಗಿತ್ತು. ಆದರೆ ಎಷ್ಟು ಮುಂದೆ ಎಂಬುದು ನನಗೆ ಗೊತ್ತಿರಲಿಲ್ಲ. ಎರಡೂ ಕಡೆ ಸಿಮೆಂಟಿನ ಗೋಡೆ, ಮೇಲೆ ಆಕಾಶ, ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ. ಇಳಿಯುವ ದಾರಿಯಂತೆ ಕಂಡದ್ದೆಲ್ಲ ಹತ್ತಿರ ಬಂದರೆ ಗೋಡೆಯೇ ಆಗುತ್ತಿತ್ತು. ಭಟ್ಟರು ಮಾತ್ರ ಮಗುವಿನಂತೆ ಕಿಟಕಿಗೆ ಮುಖ ಒಡ್ಡಿಕೊಂಡು, "ಚೆನ್ನಾಗಿದೆ, ಎಷ್ಟು ನೀರಿನ ಟ್ಯಾಂಕುಗಳು ನೋಡಿ" ಅನ್ನುತ್ತಿದ್ದರು. ಅಷ್ಟರಲ್ಲಿ ವಿಮಲ ನೆಟ್ಟಗಾಗಿ ಕೂತಳು. "ಅಗೋ ನಮ್ಮ ರಾಘು ಮನೆ" ಅಂದಳು. ಹೌದು, ಹೊಸ ಬಣ್ಣದ ಮನೆಯ ತಾರಸಿಯ ಮೇಲೆ ಹಳದಿ ಶಾಮಿಯಾನ, ಅದರಂಚಿನಲ್ಲಿ ಜರಿಪಂಚೆ ಉಟ್ಟು ಕಿವಿಗೆ ಫೋನ್ ಹಿಡಿದು ನಿಂತಿದ್ದ ಅವಳ ತಮ್ಮ. ಕೆಳಗಿನ ರಸ್ತೆಯಲ್ಲಿ ಬರುವ ಒಂದೊಂದೇ ಕಾರನ್ನು ಬಗ್ಗಿ ನೋಡುತ್ತಿದ್ದ. ಅದೇ ಗಳಿಗೆಗೆ ವಿಮಲಳ ಫೋನ್ ಬಡಿದುಕೊಂಡಿತು.

"ಅಕ್ಕ, ಎಲ್ಲಿದ್ದೀರಿ?"

"ನಿಮ್ಮ ಮನೆ ಹತ್ರಾನೇ ಕಣೋ."

"ಎಲ್ಲಿ? ಕಾಣ್ತಾನೇ ಇಲ್ಲ."

"ಮೇಲೆ ನೋಡು" ಅಂದಳು ವಿಮಲ.

ಶುಭಕಾರ್ಯಕ್ಕೆ ಪುರೋಹಿತರನ್ನು ಕಾಯುತ್ತಾ ನಿಂತವನಿಗೆ ಮೇಲೆ ನೋಡು ಎಂದರೆ ಅವನು ಏನೆಂದುಕೊಳ್ಳಬೇಕು? ರಾಘು ತಲೆ ಎತ್ತುವುದರೊಳಗೆ ನಾವು ಅವನ ಮನೆ ದಾಟಿ ಹೋಗಿದ್ದೆವು.

ಮೇಲ್ಸೇತುವೆ ಇಳಿಯುವಲ್ಲಿ ಟೋಲ್ ಕಟ್ಟಬೇಕಿತ್ತು. ಅಲ್ಲಿ ಉದ್ದದ ಸಾಲು. ಸಾಲಿನಲ್ಲಿ ನಿಂತಾಗ ರಾಘುವಿನ ಫೋನ್ ಮತ್ತೆ ಬಂತು. ಈ ಸಲ ಅವನ ಹಿಂದೆ ಇನ್ನೊಂದು ಗಂಟಲೂ ಕೇಳುತ್ತಿತ್ತು. ಅದು ಮುನಿಯಪ್ಪನದು. ಮನೆಯೊಳಗೆ ಮೊದಲು ಹೆಜ್ಜೆಯಿಡಬೇಕಾದ ಹಸು ಅವನದೇ. ಒಳ್ಳೆಯ ಮುಹೂರ್ತದ ದಿನವಾದ್ದರಿಂದ ಆ ಹಸುವಿಗೆ ಬಿಡುವೇ ಇರಲಿಲ್ಲ. "ಇಂಗೇ ನಿಂತ್ಕಂಡ್ರೆ ಆಗಾಕಿಲ್ಲ ಸಾರ್. ಬೇಗೂರಾಗೆ ಇನ್ನೊಂದ್ ಮನೆ ಐತೆ, ಅವ್ರೂ ಕಾಯ್ತಾವ್ರೆ. ಅಸ ನಡ್ಕೊಂಡ್ ಓಗ್ಬೇಕಲ್ಲ, ಅದುಕ್ಕೇನು ಕಾರೈತಾ?" ಎಂದು ಅವನು ಹೇಳುತ್ತಿದ್ದದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು. ಕಾರಿದ್ದವರ ಗತಿ ಅವನಿಗೆ ತಿಳಿದಿರಲಿಲ್ಲ.

ನನಗೆ ವಿಮಲಳ ಕಡೆ ನೋಡಲು ಧೈರ್ಯವಾಗಲಿಲ್ಲ. ಅವಳು ಬೈದಿದ್ದರೆ ವಾಸಿಯಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ರಾಘು ಆ ಮನೆ ಕಟ್ಟಿಸಲು ಎಷ್ಟು ವರ್ಷ ಒದ್ದಾಡಿದ್ದನೆಂದು ಅವಳಿಗೆ ಗೊತ್ತಿತ್ತು. ಆಗ ಭಟ್ಟರು ಹಿಂದಿನಿಂದ ಕೈ ಚಾಚಿ, "ಕೊಡಮ್ಮ ಅದನ್ನ" ಎಂದು ಫೋನ್ ತೆಗೆದುಕೊಂಡರು. "ರಾಘು, ಗಾಬರಿ ಬೇಡಪ್ಪ. ಗಟ್ಟಿಯಾಗಿ ಕೇಳೋ ಹಾಗೆ ಮಾಡಿ ಫೋನನ್ನ ಬಾಗಿಲ ಹತ್ರ ಇಡು. ಹಸು ಒಳಗೆ ಹೋಗಲಿ, ಹಿಂದೆ ಕಲಶ ಹಿಡ್ಕೊಂಡು ನೀವಿಬ್ರೂ ಬಲಗಾಲಿಟ್ಟು ಹೋಗಿ, ಹಾಲು ಒಲೆ ಮೇಲಿಡಿ. ಹೋಮಕ್ಕೆ ಅವಸರ ಇಲ್ಲ, ಅದಕ್ಕೆ ನಾನು ಬರ್ತೀನಿ" ಎಂದು ಕಣ್ಣುಮುಚ್ಚಿ ಮಂತ್ರ ಶುರುಮಾಡಿದರು. ಫೋನಿನಲ್ಲಿ ಹಸು ಅಂಬಾ ಅಂದದ್ದು, ಯಾರೋ ಹೆಂಗಸರು ಹಾಡು ತೆಗೆದದ್ದು ಎಲ್ಲ ಕೇಳಿತು. ಇಷ್ಟರಲ್ಲಿ ನಮ್ಮ ಸರದಿ ಬಂತು. ಟೋಲಿನ ಹುಡುಗಿ ಮಂತ್ರ ಕೇಳಿ ಒಂದು ಕ್ಷಣ ಎದ್ದು ನಿಂತಳು. ಆಮೇಲೆ ಮೆಲ್ಲಗೆ, "ಹೋಗೋದಕ್ಕೆ ಮಾತ್ರಾನಾ ಸಾರ್, ಹೋಗಿ ಬರೋದಕ್ಕಾ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ವಿಮಲ, "ಹೋಗಿ ಬರೋದಕ್ಕೇ ಕೊಡಮ್ಮ" ಅಂದಳು. ಆ ಬೆಳಗ್ಗೆ ಅವಳು ನನ್ನ ಬಗ್ಗೆ ಆಡಿದ ಕಟುಮಾತು ಅದೊಂದೇ.

"ಉಕ್ಕಿತು" ಎಂದು ಫೋನಿನಲ್ಲಿ ಯಾರೋ ಕೂಗಿದರು. ಭಟ್ಟರು ಕಣ್ಣು ತೆರೆದು, "ಒಳ್ಳೇದಾಯ್ತು" ಅಂದರು. ವಿಮಲ ಕಣ್ಣೊರೆಸಿಕೊಂಡಳು. ಎಂಟೂವರೆಗೆ ಇನ್ನೂ ಸ್ವಲ್ಪ ಉಳಿದಿತ್ತು. ಹಾಲು ಉಕ್ಕುವುದನ್ನು ನೋಡಲೆಂದೇ ಅವಳು ಕತ್ತಲಲ್ಲಿ ಎದ್ದು ತಲೆಗೆ ನೀರು ಹಾಕಿಕೊಂಡು ಬಂದಿದ್ದಳು. ನೋಡಿದ್ದು ಟೋಲ್ ಗೇಟು.

ಇನ್ನಾದರೂ ತಪ್ಪಬಾರದೆಂದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ತಿರುಗಿಸಿಕೊಂಡು ಒಬ್ಬ ಆಟೋದವನನ್ನು ಕೇಳಿದೆ. "ಸಿಂಗಸಂದ್ರಾನಾ? ಸ್ಟ್ರೈಟ್ ಹೋಗಿ ಸಾರ್. ಎಲ್ಲೂ ತಿರುಗ್ಬೇಡಿ, ಸ್ಟ್ರೈಟು" ಅಂದ. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಿಯಾರು? ನಾನು ನೇರ ಹೋದೆ. ಎಲ್ಲೂ ತಿರುಗಲಿಲ್ಲ. ಅವನ ನೇರದಲ್ಲಿ ಸ್ವಲ್ಪ ಎಡಕ್ಕೆ ಸರಿಯುವುದೂ ಸೇರಿತ್ತೆಂದು ನನಗೆ ಹೇಗೆ ತಿಳಿಯಬೇಕು? ಮುಂದೆ ಸೇತುವೆಯ ಬುಡ ಕಂಡು ಎಡಕ್ಕೆ ಇಂಡಿಕೇಟರ್ ಹಾಕಿದೆನೋ ಇಲ್ಲವೋ, ಕಾರ್ಖಾನೆ ಬಸ್ಸೊಂದು ನುಗ್ಗಿ ಆ ಜಾಗ ಮುಚ್ಚಿತು. ಮತ್ತೆ ಅಂಗಡಿಯ ಮೊದಲ ಮಹಡಿ, ಎರಡನೆಯ ಮಹಡಿ. ಎದುರುಗಡೆಯಿಂದ ಮತ್ತೆ ಅದೇ ಹಳದಿ ಶಾಮಿಯಾನ ಕಂಡಿತು. ಈ ಸಲ ರಾಘು ಮೇಲೆಯೇ ನೋಡುತ್ತಿದ್ದ. ಭಟ್ಟರು ಕೈ ಬೀಸಿದರು. ಅವನೂ ಬೀಸಿದ, ಊರಿಗೆ ಹೊರಟವರನ್ನು ಬೀಳ್ಕೊಡುವವನ ಹಾಗೆ.

ಸಿಲ್ಕ್ ಬೋರ್ಡಿನಲ್ಲಿ ಇಳಿದು, ಸುತ್ತಿಕೊಂಡು, ಹೊಸೂರು ರಸ್ತೆಗೆ ಎರಡನೆಯ ಸಲ ಬಂದಾಗ ನನ್ನ ತಲೆಯಲ್ಲಿ ಎಡ ಯಾವುದು ಬಲ ಯಾವುದು ಎಂಬುದೂ ಕಲಸಿಹೋಗಿತ್ತು. ಸೇತುವೆಯ ಬುಡ ಬಂತು. ನಾನು ನನ್ನ ಪಟ್ಟೆಯಲ್ಲಿ ಇಂಡಿಕೇಟರ್ ಮಿಣುಕಿಸುತ್ತಾ ಬೇಡಿಕೊಳ್ಳುತ್ತಿದ್ದೆ. ಎಡಕ್ಕೆ ಒಂದು ಕಲ್ಲು ಲಾರಿ, ಅದು ಒಂದಂಗುಲವೂ ಬಿಡಲೊಲ್ಲದು. ಆಗ ವಿಮಲ ಕಿಟಕಿ ಇಳಿಸಿ, ಬಳೆ ತುಂಬಿದ ಕೈಯನ್ನು ಪೂರ್ತಿ ಹೊರಗೆ ಚಾಚಿ, ತಲೆ ಎತ್ತಿ, "ಅಣ್ಣಾ, ಸ್ವಲ್ಪ ಬಿಡಣ್ಣ. ನಮ್ಮ ತಮ್ಮನ ಮನೆ ಗೃಹಪ್ರವೇಶ, ಪುರೋಹಿತರು ಇಲ್ಲೇ ಇದ್ದಾರೆ" ಅಂದಳು. ಲಾರಿಯವನು ಬಗ್ಗಿ ಹಿಂದಿನ ಸೀಟು ನೋಡಿದ. ಭಟ್ಟರ ವಿಭೂತಿ ಕಂಡಿತು. "ಬರ್ರಿ ಅಕ್ಕಾ, ಬರ್ರಿ" ಎಂದು ಅಷ್ಟು ದೊಡ್ಡ ಲಾರಿಯನ್ನು ನಿಲ್ಲಿಸಿಯೇಬಿಟ್ಟ. ಅವನ ಹಿಂದಿದ್ದವರೆಲ್ಲ ಹಾರ್ನ್ ಮಾಡಿದರೆ, ಕೈ ಹೊರಗೆ ಹಾಕಿ ಅವರನ್ನೂ ತಡೆದ. ನಾನು ಒಂದಲ್ಲ, ಎರಡು ಬಿಳಿ ಗೆರೆಗಳನ್ನು ಅಡ್ಡಡ್ಡ ದಾಟಿ ಕೆಳಗಿನ ರಸ್ತೆಗೆ ಸೇರಿದೆ. ನನ್ನ ಇಂಡಿಕೇಟರ್ ಹೇಳಲಾಗದ್ದನ್ನು ಅವಳು ಎರಡು ಮಾತಿನಲ್ಲಿ ಹೇಳಿದ್ದಳು. ಹಾಗಾದರೆ ಈ ಗೆರೆಗಳನ್ನು ಯಾತಕ್ಕೆ ಬಳಿದಿದ್ದಾರೆ ಎಂದು ಸಿಂಗಸಂದ್ರ ಮುಟ್ಟುವವರೆಗೂ ಯೋಚಿಸಿದೆ. ಇನ್ನೂ ಯೋಚಿಸುತ್ತಿದ್ದೇನೆ.

ನಾವು ಹೋಗುವ ಹೊತ್ತಿಗೆ ಹಸು ಬೇಗೂರಿಗೆ ಹೋಗಿ ಆಗಿತ್ತು, ಅರ್ಧ ಜನ ಉಪ್ಪಿಟ್ಟು ತಿಂದು ಮುಗಿಸಿದ್ದರು. ರಾಘು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ. ನಾನು ಏನೋ ಹೇಳಲು ಹೋದೆ. ಅವನು, "ಭಾವ, ಮೊದ್ಲು ಕಾಫಿ ಕುಡೀರಿ" ಅಂದ. ಆಮೇಲೆ ತನ್ನ ಅಕ್ಕನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಒರೆಸದೆ ಹಾಗೇ ಬಿಟ್ಟಿದ್ದ ಒಲೆಯನ್ನು ತೋರಿಸಿದ. ಹಾಲು ಪೂರ್ವದ ಕಡೆಗೇ ಉಕ್ಕಿ ಹರಿದಿತ್ತು. ಅವಳಿಗೆ ತೋರಿಸಬೇಕೆಂದೇ ಯಾರಿಗೂ ಮುಟ್ಟಗೊಟ್ಟಿರಲಿಲ್ಲವಂತೆ. ಹೋಮ ಸಾಂಗವಾಗಿ ನಡೆಯಿತು, ಊಟವೂ ಆಯಿತು.

ಹೊರಡುವಾಗ ರಾಘು ಭಟ್ಟರಿಗೆಂದು ಕ್ಯಾಬ್ ತರಿಸಿಬಿಟ್ಟಿದ್ದ. ಭಟ್ಟರು ಅದನ್ನು ನೋಡಿ, "ಬೇಡಪ್ಪ, ನಾನು ಇವರ ಜೊತೆಗೇ ಹೋಗ್ತೀನಿ" ಅಂದರು. ಇಷ್ಟಾದ ಮೇಲೂ ನನ್ನ ಮೇಲೆ ಅವರಿಗಿದ್ದ ವಿಶ್ವಾಸ ಕಂಡು ಓಡಿಹೋಗಿ ಹಿಂದಿನ ಬಾಗಿಲನ್ನು ನಾನೇ ತೆಗೆದು ಹಿಡಿದೆ. ಕಾರಿನಲ್ಲಿ ಕೂತ ಮೇಲೆ ಅವರು ಶಲ್ಯವನ್ನು ತಲೆಗೆ ದಿಂಬು ಮಾಡಿಕೊಂಡು, "ಬೆಳಗಿನ ಜಾವ ಎದ್ದದ್ದು ನೋಡಿ. ಕ್ಯಾಬಿನವನಾದರೆ ಬೇಗ ತಲುಪಿಸಿಬಿಡ್ತಾನೆ, ನಿದ್ದೆ ಅರ್ಧಕ್ಕೇ ನಿಂತುಹೋಗತ್ತೆ" ಎಂದು ಕಣ್ಣು ಮುಚ್ಚಿದರು.

ಬೊಮ್ಮನಹಳ್ಳಿ ಬರುವ ಮೊದಲೇ ಗೊರಕೆ ಕೇಳಿಸಿತು. ವಿಮಲ ಹಿಂದೆ ತಿರುಗಿ ನೋಡಿ, ಪಿಸುಮಾತಿನಲ್ಲಿ, "ಪಾಪ, ವಯಸ್ಸಾದವರು. ಎಲ್ಲಾದ್ರೂ ಸ್ವಲ್ಪ ಸುತ್ತಿಸ್ಕೊಂಡು ಹೋಗಿ" ಅಂದಳು. ಮದುವೆಯಾದ ಮೇಲೆ ನನ್ನ ಕೈಲಾಗುವಂಥ ಕೆಲಸವನ್ನು ಅವಳು ಕೇಳಿದ್ದು ಅದೇ ಮೊದಲಿರಬೇಕು. ನಾನು ಉತ್ಸಾಹದಿಂದ ಗೊತ್ತಿಲ್ಲದ ತಿರುವುಗಳನ್ನೇ ಆರಿಸಿಕೊಂಡೆ. ಹಸಿರು ದೀಪಗಳು ಒಂದರ ಹಿಂದೊಂದು ಹತ್ತಿದವು. ಲಾರಿಗಳು ತಾವಾಗಿ ದಾರಿ ಬಿಟ್ಟವು. ಪೀಣ್ಯ ದಾಟಿದ ಮೇಲೆ, ಇಲ್ಲಾದರೂ ಕಳೆದುಹೋಗೋಣವೆಂದು ಒಂದು ಅಪರಿಚಿತ ಗಲ್ಲಿಗೆ ನುಗ್ಗಿದರೆ ಅದು ಒಂದೇ ಏಟಿಗೆ ನಮ್ಮ ಬೀದಿಯ ಹಿಂಬದಿಗೆ ತಂದು ಬಿಟ್ಟಿತು. ಭಟ್ಟರ ಮನೆಯ ಮುಂದೆ ಕಾರು ತಾನೇ ತಾನಾಗಿ ನಿಂತ ಹಾಗೆ ನಿಂತಿತು. ಅವರು ಗಾಬರಿಯಿಂದ ಎದ್ದು, ಕಣ್ಣುಜ್ಜಿಕೊಂಡು ತಮ್ಮದೇ ಗೇಟನ್ನು ನೋಡಿದರು.

"ಇಷ್ಟು ಬೇಗ ಬಂದುಬಿಟ್ಟಿರಾ?" ಅಂದರು. ಆ ದನಿಯಲ್ಲಿದ್ದ ನಿರಾಸೆಯನ್ನು ಕೇಳಲಾರದೆ ನಾನು ತಲೆ ತಗ್ಗಿಸಿ, "ತಪ್ಪಾಯ್ತು ಸ್ವಾಮಿ" ಅಂದೆ.