ಇಲಿಯ ನೆತ್ತಿ, ಅಮ್ಮನ ಮುಡಿ

ಇಲಿಗಳ ಜೊತೆ ಕೆಲಸ ಮಾಡುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಂದು ಕಾಲಿಗೆ ತೊಡರುತ್ತದೆ. ನಂಜನಗೂಡಿನ ಹತ್ತಿರದ ಒಂದು ಸಂಶೋಧನಾ ಕೇಂದ್ರದಲ್ಲಿ ಬಿಳಿ ಇಲಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

೧. ಎಸಿ ರೂಮು

ನಮ್ಮೂರು ಹೆಮ್ಮಿಗೆ. ಗದ್ದೆಯಲ್ಲಿ ಇಲಿ ಕಂಡರೆ ದೊಣ್ಣೆ ಹುಡುಕುವ ಊರು. ನನ್ನ ಇಲಿಗಳಿಗೆ ಎಸಿ ಇದೆ, ನಾನು ಮಾಸ್ಕ್ ಹಾಕಿಕೊಂಡೇ ಒಳಗೆ ಹೋಗಬೇಕು ಎಂದಾಗ ಚಿಕ್ಕಪ್ಪ ಬೀಡಿ ಆರಿಸಿದರು.

"ನಿನ್ನಿಂದ ಅವಕ್ಕೆ ಕಾಯ್ಲೆ ಬಂದ್ಬುಟ್ಟಾದು ಅಂತ್ಲಾ?"

"ಹೂಂ ಚಿಕ್ಕಪ್ಪ."

"ಸರ್ಯಾಗದೆ ಕಣ್ಲಾ. ನಿನ್ ವಿಸ್ಯ ಚೆನ್ನಾಗ್ ತಿಳ್ಕೊಂಡವ್ರೆ."

೨. ನಮಸ್ಕಾರ

ಮಿದುಳಿನ ಚಿತ್ರ ತೆಗೆಯಲು ಇಲಿಗೆ ಮಂಪರು ಬರಿಸಿ, ನೆತ್ತಿಯ ಕೂದಲನ್ನು ಕ್ರೀಮು ಹಚ್ಚಿ ತೆಗೆದು, ಮೇಲಿಂದ ಬೆಳಕು ಬಿಡುತ್ತಾರೆ. ಒಳಗಿನ ರಕ್ತ ಆ ಬೆಳಕನ್ನು ಹೀರಿ ಸಣ್ಣ ಸದ್ದು ಮಾಡುತ್ತದಂತೆ. ಯಂತ್ರ ಆ ಸದ್ದು ಕೇಳಿ ಚಿತ್ರ ಬರೆಯುತ್ತದೆ. ಚರ್ಮಕ್ಕೆ ಒಂದು ಗೀರಿಲ್ಲ. ಕಡಲೆಕಾಳಿನಷ್ಟು ಮಿದುಳಿನೊಳಗೆ ರಕ್ತನಾಳಗಳು ಹೊಳೆಯಿಂದ ನಾಲೆ, ನಾಲೆಯಿಂದ ಕಾಲುವೆ ಎನ್ನುವ ಹಾಗೆ ಕವಲೊಡೆದದ್ದನ್ನು ಮೊದಲ ಸಲ ಪರದೆಯಲ್ಲಿ ಕಂಡಾಗ ಮೈ ಜುಮ್ಮೆಂದಿತು. ನಾವು ಗದ್ದೆಯಲ್ಲಿ ಹೊಡೆದ ಇಲಿಗಳ ತಲೆಯಲ್ಲೂ ಇಷ್ಟೆಲ್ಲ ಇತ್ತಲ್ಲ ಅನ್ನಿಸಿ ಕೈ ಮುಗಿದುಬಿಟ್ಟೆ.

"ಇದು ಸೈನ್ಸು ಕಣ್ರೀ, ದೇವಸ್ಥಾನ ಅಲ್ಲ" ಎಂದರು ವಿಜ್ಞಾನಿ ಮೇಡಂ. ಮರುದಿನ ಸ್ವಿಚ್ ಹಾಕುವ ಮೊದಲು ಯಂತ್ರ ಮುಟ್ಟಿ ಕಣ್ಣಿಗೊತ್ತಿಕೊಂಡವರೂ ಅವರೇ.

೩. ಅಮ್ಮನ ಎಂಆರ್‌ಐ

ಅಮ್ಮನಿಗೆ ಎರಡು ಸಲ ಕಣ್ಣು ಕತ್ತಲಿಟ್ಟು ಎಡಗೈ ಜೋಮು ಹಿಡಿಯಿತು. ಮಿದುಳಿನ ರಕ್ತನಾಳ ಕಟ್ಟಿಕೊಂಡಿರಬಹುದು, ಎಂಆರ್‌ಐ ಮಾಡಿಸಿ ಎಂದರು ಮೈಸೂರಿನ ಡಾಕ್ಟರು. "ತಲೆ ಸೀಳ್ತಾರೆ, ನಾ ಬರಾಕಿಲ್ಲ" ಎಂದು ಅಮ್ಮ ಕೂತುಬಿಟ್ಟಳು. ಕೊನೆಗೆ ಮೇಡಂ ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ತೆಗೆದ ವಿಡಿಯೋ ತೋರಿಸಿದೆ: ಇಲಿಯ ನೆತ್ತಿ ಬೋಳಿಸಿದ್ದು, ಚಿತ್ರ ತೆಗೆದದ್ದು, ಅದು ಎದ್ದು ಮೀಸೆ ಒರೆಸಿಕೊಂಡು ಕಾಳು ತಿಂದದ್ದು. ಅಮ್ಮ ಮೂರು ಸಲ ನೋಡಿ, "ಬತ್ತೀನಿ" ಎಂದಳು.

ಸ್ಕ್ಯಾನಿನ ದಿನ ಬೆಳಿಗ್ಗೆ ಅಕ್ಕನ ಜೊತೆ ನಂಜನಗೂಡಿಗೆ ಹೋದಳು. ದೇವರಿಗೆ ಕೈ ಮುಗಿದು ಬರುತ್ತಾಳೆ ಎಂದುಕೊಂಡೆ. ಮೈಸೂರಿನ ಆಸ್ಪತ್ರೆಯ ಬಾಗಿಲಲ್ಲಿ ನೋಡಿದರೆ, ಬೋಳು ತಲೆಗೆ ಗಂಧ ಬಳಿದುಕೊಂಡು ನಿಂತಿದ್ದಾಳೆ.

"ಇಲಿಗೂ ತೆಗ್ದಿದ್ರಲ್ಲ. ಇಲ್ಲಿ ಬೋಳ್ಸೋ ಬದ್ಲು ನಂಜುಂಡಪ್ಪಂಗೇ ಮುಡಿ ಕೊಟ್ಟೆ" ಎಂದಳು.

ಎಂಆರ್‌ಐಗೆ ಕೂದಲು ತೆಗೆಯುವುದೇ ಇಲ್ಲ. ಸೊಂಟದವರೆಗಿದ್ದ ಕೂದಲು ಅದು.

ಸಂಜೆ ಡಾಕ್ಟರು ಪರದೆ ನಮ್ಮ ಕಡೆ ತಿರುಗಿಸಿದರು. ನಾಳಗಳಲ್ಲಿ ಎಲ್ಲೂ ತಡೆಯಿರಲಿಲ್ಲ. ನನ್ನ ಕಣ್ಣು ತುಂಬಿತು. ಅಮ್ಮ ಮಾತ್ರ ತನ್ನ ತಲೆಯೊಳಗನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ಎಷ್ಟು ಚೆಂದಾಗ್ ಕಾಣ್ತದೆ. ಕೂದ್ಲು ಇದ್ದಿದ್ರೆ ಇಂಗೆ ಕಾಣ್ತಿತ್ತಾ ಸಾ?"

ಡಾಕ್ಟರು ಅವಳ ತಲೆ ನೋಡಿದರು, ನನ್ನ ಮುಖ ನೋಡಿದರು.

"ಎಲ್ಲಿ ಕಾಣ್ತಿತ್ತಮ್ಮ" ಎಂದರು.