ಅಕ್ಕನ ಅಂಗಳದ ಹವಾಮಾನ ಡಬ್ಬಿ

ಮಳೆ, ಗಾಳಿ, ಆಲಿಕಲ್ಲು ಬರುವ ಮುಂಚೆ ರೈತರನ್ನು ಎಚ್ಚರಿಸುವುದು ನನ್ನ ಕೆಲಸ. ಈಚೆಗೆ ಆಕಾಶವೇ ಯಾರ ಮಾತೂ ಕೇಳುವುದಿಲ್ಲ, ಇನ್ನು ನನ್ನ ಮಾತು ಯಾರು ಕೇಳಬೇಕು? ಹಾಗಾಗಿ ಮಾಸ್ತಿ ಸುತ್ತಮುತ್ತಲ ಹಳ್ಳಿಗಳಲ್ಲಿ ನನಗಾಗುವ ಅವಮಾನಗಳಿಗೆ ಕೊರತೆಯಿಲ್ಲ. ಮೊದಲು ನಗು ಬರುತ್ತದೆ, ಆಮೇಲೆ ಬೇಸರವಾಗುತ್ತದೆ.

೧

ಒಮ್ಮೆ "ನಾಳೆ ಜೋರು ಮಳೆ, ಕೊಯ್ದ ರಾಗಿ ಮುಚ್ಚಿಡಿ" ಎಂದು ಎಲ್ಲರ ಫೋನಿಗೂ ಕಳಿಸಿದೆ. ಮಾರನೆಯ ದಿನ ಉರಿಬಿಸಿಲು. ಒಂದು ಊರಿಗೆ ಹೋದರೆ ರಸ್ತೆ ತುಂಬ ರಾಗಿ ತೆನೆ ಹರಡಿತ್ತು. "ನೀವ್ ಮಳೆ ಅಂದ್ರಲ್ಲ ಸಾರ್, ಅದಕ್ಕೇ ಧೈರ್ಯವಾಗಿ ಹರಡಿದ್ವಿ" ಎಂದರು ಅಲ್ಲಿನ ಟೀ ಅಂಗಡಿಯ ಯಜಮಾನರು.

ಮುಂದಿನ ವಾರ ಯಾವ ಸೂಚನೆಯೂ ಇಲ್ಲದೆ ಮಳೆ ಸುರಿದು, ಅವರ ರಾಗಿಯೆಲ್ಲ ಮೊಳಕೆ ಒಡೆಯಿತು. ನಾನು ತಲೆತಗ್ಗಿಸಿ ಅವರ ಅಂಗಡಿಗೆ ಹೋದೆ. ಅವರು ಬೇಸರದಿಂದಲೇ ಕೇಳಿದರು: "ಮಳೆ ಬರಲ್ಲ ಅಂತ ಒಂದ್ ಮಾತು ಹೇಳಿದ್ರೆ ಮುಚ್ಚಿಡ್ತಿದ್ವಲ್ಲ ಸಾರ್!"

೨

ಅದೇ ಊರಿನ ಒಬ್ಬ ಅಕ್ಕನ ಟೊಮೇಟೊ ಹೋದ ವರ್ಷ ಆಲಿಕಲ್ಲಿಗೆ ನೆಲಕಚ್ಚಿತ್ತು. ಈ ಬೆಳೆಯೂ ಹೋದರೆ ಇನ್ನು ಟೊಮೇಟೊ ಸಹವಾಸವೇ ಬೇಡ ಎಂದಿದ್ದರು. ನಮ್ಮ ಆಫೀಸಿನಿಂದ ಅವರ ಹೊಲದ ಮೇಲೆ ಆಲಿಕಲ್ಲು ತಡೆಯುವ ಬಲೆ ಕಟ್ಟಿಸಿದೆವು. ಹೊಲಕ್ಕೆ ತಾಗಿದ ಅಂಗಳದಲ್ಲಿ ಗಾಳಿ, ಮಳೆ ಅಳೆಯುವ ಯಂತ್ರವನ್ನೂ ನಿಲ್ಲಿಸಿದೆವು.

ವಾರದೊಳಗೆ ಆಫೀಸಿನಿಂದ ಫೋನು: "ಏನ್ರೀ, ಆ ಊರಲ್ಲಿ ಗಾಳೀನೇ ಬೀಸಲ್ವಾ?" ಓಡಿಹೋಗಿ ನೋಡಿದರೆ, ಗಾಳಿಗೆ ತಿರುಗಬೇಕಾದ ಬಟ್ಟಲುಗಳಿಗೆ ನಿಂಬೆಹಣ್ಣು ಮೆಣಸಿನಕಾಯಿಯ ಸರ ಸುತ್ತಿಕೊಂಡಿತ್ತು.

"ಹೋಗೋರು ಬರೋರೆಲ್ಲ ನಿಂತು ನೋಡ್ತಾರೆ ಸಾರ್. ಡಬ್ಬಿಗೆ ದೃಷ್ಟಿಯಾದ್ರೆ ಅದು ಹೇಳೋದೆಲ್ಲ ಸುಳ್ಳಾಗಲ್ವಾ?" ಎಂದರು ಅಕ್ಕ.

ಈಗ ಮಾತ್ರ ನಿಜ ಹೇಳ್ತಿದೆಯಾ ಅಂತ ಬಾಯಿಗೆ ಬಂತು. ಕೆಲಸ ನೆನೆದು ನುಂಗಿಕೊಂಡೆ.

೩

ಮೊದಲ ಕೊಯ್ಲು ಹತ್ತಿರ ಬಂದಾಗ ಆಲಿಕಲ್ಲಿನ ಸೂಚನೆ ಬಂತು. ಅಕ್ಕನಿಗಂತೂ ಬಲೆಯಿದೆ ಎಂದು ನೆಮ್ಮದಿಯಿಂದಲೇ ಹೋದೆ. ಹೊಲದಲ್ಲಿ ಬರೀ ಕಂಬಗಳು!

"ಅಕ್ಕಾ, ಬಲೆ ಎಲ್ಲಿ?"

"ನಮ್ ಓರಗಿತ್ತಿ ಮಗಳ ಸೀಮಂತ ಸಾರ್. ಚಪ್ಪರಕ್ಕೆ ಕೇಳಿದ್ರು. ನೆಂಟ್ರು ಕೇಳ್ದಾಗ ಇಲ್ಲ ಅನ್ನೋಕಾಗುತ್ತಾ? ಸಂಜೆಗೆ ಬಂದ್ಬಿಡುತ್ತೆ."

ಬಲೆಗಿಂತ ಮುಂಚೆ ಆಲಿಕಲ್ಲು ಬಂತು. ಅಕ್ಕ ಒಳಗೆ ಓಡಿ ಒನಕೆ ತಂದರು. ಒನಕೆ ಅಂಗಳಕ್ಕೆ ಎಸೆದರೆ ಆಲಿಕಲ್ಲು ನಿಲ್ಲುತ್ತದೆ ಎಂಬುದು ಅವರ ಅತ್ತೆಯ ಕಾಲದ ನಂಬಿಕೆ. ಎಸೆದ ರಭಸಕ್ಕೆ ಅದು ನೇರ ಯಂತ್ರಕ್ಕೆ ಬಡಿದು ಬಟ್ಟಲುಗಳು ಉದುರಿದವು. ಸ್ವಲ್ಪ ಹೊತ್ತಿಗೆಲ್ಲ ಆಲಿಕಲ್ಲು ನಿಂತಿತು.

ಹೊಲದಲ್ಲಿ ಒಂದು ಗಿಡವೂ ನಿಂತಿರಲಿಲ್ಲ. ಅಕ್ಕ ಬದುವಿನ ಮೇಲೆ ಕೂತು ಅತ್ತರು. ನಾನೂ ಪಕ್ಕದಲ್ಲಿ ಕೂತೆ. ಕೊನೆಗೆ ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ಮುರಿದ ಯಂತ್ರದ ಕಡೆ ತಿರುಗಿದರು.

"ಆಲಿಕಲ್ಲು ತರಿಸ್ತಿದ್ದಿದ್ದು ಇದೇ ಅಂತ ಮೊದ್ಲೇ ಹೇಳ್ಬಾರ್ದಾಗಿತ್ತಾ ಸಾರ್? ಹೊಡೆದಿದ್ದೇ ನಿಂತೋಯ್ತು ನೋಡಿ. ನೀವು ತಂದಿಟ್ಟ ದಿನಾನೇ ಒಂದೇಟು ಹಾಕ್ತಿದ್ದೆ!"