ಅಂಬರೀಶ ಮಾಸ್ತರರ ಸೀಟು ಮತ್ತು ಜಗತ್ತಿನ ಸೈನ್ಯ

ರಾಷ್ಟ್ರಗಳ ಭವಿಷ್ಯ ತೂಗುಯ್ಯಾಲೆಯಲ್ಲಿ ನಿಲ್ಲುವ ಗಳಿಗೆಗಳು ಇತಿಹಾಸದಲ್ಲಿ ವಿರಳ. ಅಂಥದ್ದೊಂದು ಗಳಿಗೆ ಏಪ್ರಿಲ್ ಇಪ್ಪತ್ತೆರಡರ ಬೆಳಿಗ್ಗೆ ಏಳೂವರೆಗೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ಒದಗಿ ಬಂತು: ಸೀಟು ಹಿಡಿಯಲು ಅಂಬರೀಶ ಮಾಸ್ತರರು ರಾಯಚೂರು ಬಸ್ಸಿನ ಕಿಟಕಿಯೊಳಗೆ ಟವೆಲ್ಲಿನ ಬದಲು ತಮ್ಮ ಫೈಲನ್ನು ಎಸೆದರು.

ಟವೆಲ್ಲು ಮನೆಯಲ್ಲಿ ಉಳಿದಿತ್ತು. ಫೈಲಿನಲ್ಲಿದ್ದದ್ದು ಭಾಷಣ. ಭೂಮಿ ದಿನದ ಅಂಗವಾಗಿ ರಾಯಚೂರಿನಲ್ಲಿ ಶಿಕ್ಷಕರ ಚರ್ಚಾ ಸ್ಪರ್ಧೆ. ವಿಷಯ, ‘ಹವಾಮಾನದ ಅಂತರರಾಷ್ಟ್ರೀಯ ಒಪ್ಪಂದ ಮುರಿದ ದೇಶದ ಮೇಲೆ ಸೈನ್ಯ ಕಳಿಸಬಹುದೇ?’ ಪರವೋ ವಿರೋಧವೋ ಎಂಬುದು ವೇದಿಕೆಯ ಮೇಲೆ ಚೀಟಿ ಎತ್ತಿದಾಗಲೇ ಗೊತ್ತಾಗುವುದು. ಆದ್ದರಿಂದ ಮಾಸ್ತರರು ಎರಡೂ ಕಡೆಗೆ ನಾಲ್ಕು ನಾಲ್ಕು ಹಾಳೆ ಬರೆದಿದ್ದರು.

ಸೈನ್ಯ ಎಲ್ಲಿಗೆ ಹೋದರೂ ಅವರ ಅಭ್ಯಂತರವೇನಿರಲಿಲ್ಲ. ಗೆದ್ದವರಿಗೆ ಮೇ ತಿಂಗಳ ಮನೆಗಣತಿಯಿಂದ ವಿನಾಯಿತಿ ಎಂದು ಆಯೋಜಕರು ಹೇಳಿದ್ದರು, ಅಷ್ಟೇ. ಹೋದ ಸಲ ಬಾಗಲವಾಡದಲ್ಲಿ ಮನೆ ಎಣಿಸಿ ಬಂದಾಗ ಅವರ ಮುಖ ಸುಟ್ಟ ಹಪ್ಪಳದಂತಾಗಿತ್ತು. ಹೆಂಡತಿ ದಾನೇಶ್ವರಿ ಬಾಗಿಲು ತೆರೆದು, “ಯಾರ್ ಬೇಕಾಗಿತ್ರಿ?” ಅಂದಿದ್ದಳು.

ಮೊಣಕೈಗಳ ಕಾಡಿನಲ್ಲಿ ನುಸುಳಿ ಅವರು ಒಳಗೆ ತಲುಪುವಷ್ಟರಲ್ಲಿ ಆ ಸೀಟಿನಲ್ಲಿ ಜಾಲಹಳ್ಳಿಯ ವೆಂಕಮ್ಮ ಎಂಬ ಅಜ್ಜಿ ಕೂತಾಗಿತ್ತು. ಫೈಲು ಅಜ್ಜಿಯ ಕೆಳಗಿತ್ತು.

“ಯವ್ವಾ, ಈ ಸೀಟು ನಂದದ. ಫೈಲ್ ಹಾಕಿದ್ನಿ.”

“ಫೈಲ್ ಹಾಕಿದ್ರ ಸೀಟ್ ಆಗ್ತದೇನೋ ಯಪ್ಪಾ? ಟಾವೆಲ್ ಹಾಕ್ಬೇಕು. ಮೊದ್ಲಿಂದ ಎಲ್ಲಾರೂ ಒಪ್ಪಿದ್ದು ಟಾವೆಲ್ಲು.”

ಪಕ್ಕದಲ್ಲಿದ್ದ ಶಂಭುಲಿಂಗಪ್ಪ ಮೀಸೆ ತಿರುವಿದರು. ಮಾನ್ವಿ ಕಡೆ ನಾಲ್ಕೆಕರೆ ಕಾಲುವೆ ನೀರಿನ ಗದ್ದೆ ಇದ್ದವರು. “ಎಬ್ಬಸ್ರಿ ಮಾಸ್ತರ! ರಟ್ಟಿ ಹಿಡದು ಎಬ್ಬಸ್ರಿ!”

“ವಯಸ್ಸಾದೋರ್ನ ಹೆಂಗ್ ಎಬ್ಬಸ್ಲ್ರೀ?”

“ಫೈಲ್‌ನ್ಯಾಗ ಅಂಥಾದ್ದೇನದ್ರೀ ಸರ?” ಕಂಡಕ್ಟರ್ ಶಾಕಿರ್ ಕೇಳಿದ. ಮಾಸ್ತರರು ವಿಷಯ ಹೇಳಿದರು. ಹೇಳಬಾರದಿತ್ತು. ಬಸ್ಸಿಗೆ ಬಸ್ಸೇ ಟಿಕೆಟ್ ಮರೆತು ಜಗತ್ತನ್ನು ಕೈಗೆತ್ತಿಕೊಂಡಿತು.

“ಸೈನ್ಯ ಬೇಕೇ ಬೇಕ್ರಿ,” ಎಂದರು ಶಂಭುಲಿಂಗಪ್ಪ. “ನಮ್ಮ ಕಾಲುವಿ ನೋಡ್ರಿ. ಮ್ಯಾಲಿನೋರು ನಮ್ಮ ಪಾಲಿನ ನೀರು ಎತ್ತಾಕತ್ತಿದ್ರು. ಪೊಲೀಸರು ಬಂದು ದಂಡಿ ಮ್ಯಾಲ ನಿಂತ್ರು. ಕಡೀ ಹೊಲಕ್ಕೂ ನೀರು ಬಂತು!”

“ಆಮ್ಯಾಲ?” ಎಂದ ಶಾಕಿರ್.

“ಆಮ್ಯಾಲ ಪೊಲೀಸರು ಹ್ವಾದ್ರು. ನೀರೂ ಹೋತು.”

“ನೋಡ್ರಿ ಮತ್ತ! ದುನಿಯಾಕ್ಕೆಲ್ಲಾ ಸೈನ್ಯ ನಿಲ್ಸಿದ್ರ ಆ ಟ್ಯಾಂಕಿಗೆ, ಇಮಾನಕ್ಕ ಡೀಸೆಲ್ ಎಷ್ಟ್ ಬೇಕ್ರೀ? ಹೊಗಿ ಕಮ್ಮಿ ಮಾಡಾಕ ಹೋಗಿ ಹೊಗಿನೇ ಬಿಟ್ಟಂಗಾತು.” ಇದನ್ನು ಹೇಳುವಾಗ ಶಾಕಿರನ ಬಸ್ಸು ಹಿಂದಿನ ಎತ್ತಿನ ಗಾಡಿಯನ್ನು ಕಪ್ಪು ಹೊಗೆಯಲ್ಲಿ ಮಾಯ ಮಾಡಿತು.

ವೆಂಕಮ್ಮ ಗಂಟು ಬಿಚ್ಚುತ್ತ ಅಂದಳು: “ಒಪ್ಪಂದ ಮುರಿದೋರು ದೊಡ್ಡ ದೇಶದೋರೇ ಇದ್ರ? ಅವ್ರ ಮನಿಗೆ ಯಾರ್ ಹೋಗ್ತಾರ? ನಮ್ಮಂಥ ಮುದುಕೇರ್ನ ರಟ್ಟಿ ಹಿಡದು ಎಬ್ಬಸ್ತಾರ.”

ಮಾಸ್ತರರಿಗೆ ತಲೆ ಗಿರಗಿಟ್ಟಿಯಾಯಿತು. ಯಾರು ಮಾತಾಡಿದರೂ ಅವರು ಹೇಳಿದ್ದೇ ಸರಿ ಎನಿಸುತ್ತಿತ್ತು. “ಯವ್ವಾ, ಸೀಟು ನೀನೇ ಇಟ್ಕೋ. ಫೈಲ್ ಕೊಡು ಸಾಕು.”

ಕೊಟ್ಟಳು. ಅದರಲ್ಲಿ ಐದೇ ಹಾಳೆ ಇದ್ದವು. ಉಳಿದ ಮೂರರ ಮೇಲೆ ವೆಂಕಮ್ಮ ಅಕ್ಕಪಕ್ಕದವರಿಗೆ ಮಿರ್ಚಿ ಭಜಿ ಹಂಚಿಯಾಗಿತ್ತು. ಶಂಭುಲಿಂಗಪ್ಪ ತಮ್ಮ ಪಾಲಿನ ಹಾಳೆಗೆ ಕೈ ಒರೆಸಿ ಮರ್ಯಾದೆಯಿಂದ ಹಿಂದಿರುಗಿಸಿದರು. ಮಾಸ್ತರರು ರಾಯಚೂರಿನವರೆಗೂ ನಿಂತೇ ಹೋದರು.

ವೇದಿಕೆಯ ಮೇಲೆ ಚೀಟಿ ಎತ್ತಿದರು. ‘ಪರ’.

“ಸೈನ್ಯ ಅನಿವಾರ್ಯ!” ಎಂದು ಗುಡುಗಿ ಮಾಸ್ತರರು ಹಾಳೆ ತಿರುವಿದರು. “ಆದ್ದರಿಂದ ಸೈನ್ಯ ಕೂಡದು!” ಎಂದು ಓದಿ ಗಾಬರಿಯಾದರು. ಮೂರನೆಯದು ಶಂಭುಲಿಂಗಪ್ಪನವರ ಹಾಳೆ. ಎಣ್ಣೆ ಕುಡಿದು ಕನ್ನಡಕದ ಗಾಜಿನಂತಾಗಿದ್ದ ಅದರಲ್ಲಿ ಎರಡೂ ಬದಿಯ ಅಕ್ಷರ ಒಟ್ಟಿಗೇ ಕಾಣುತ್ತಿದ್ದವು. ಮಾಸ್ತರರು ಫೈಲು ಮುಚ್ಚಿದರು. ಬೇರೆ ದಾರಿ ತೋಚದೆ ಬಸ್ಸಿನ ಜಗಳವನ್ನೇ ಒಂದು ಮಾತೂ ಬಿಡದೆ ಒಪ್ಪಿಸಿದರು. ಕೊನೆಗೆ ಬೆವರೊರೆಸಿಕೊಂಡು, “ಹಂಗಾಗಿ ಸೈನ್ಯ ಬೇಕ್ರಿ. ಆದ್ರ ಅದು ಹೋಗಬಾರದು,” ಎಂದರು.

ಸಭೆ ಎದ್ದು ಚಪ್ಪಾಳೆ ಹೊಡೆಯಿತು. ಪರದವರು ತಮ್ಮವರೆಂದರು, ವಿರೋಧದವರೂ ತಮ್ಮವರೆಂದರು. ಮೊದಲ ಬಹುಮಾನಕ್ಕೆ ಯಾರ ತಕರಾರೂ ಬರಲಿಲ್ಲ.

ಬಹುಮಾನ ಕೊಡಲು ಬಂದಿದ್ದ ಗಣತಿ ಅಧಿಕಾರಿ ವಿಶಾಖಾ ಮೇಡಂ ಕೈ ಕುಲುಕಿದರು. “ಸರ, ಮನಿ ಎಣಿಸೋರ ಪಟ್ಟಿಯಿಂದ ನಿಮ್ಮ ಹೆಸರು ತೆಗದೀನ್ರಿ.”

ಮಾಸ್ತರರ ಕಣ್ಣು ತುಂಬಿ ಬಂತು.

“ಕುರ್ಡಿಯಾಗ ಹೋದ ಸಲ ಎಪ್ಪತ್ತು ಮನಿಯವ್ರು ಬಾಗಿಲಾನೇ ತೆರೀಲಿಲ್ರಿ. ಈ ಸಲ ಪೊಲೀಸರನ್ನ ಕಳಸ್ಬೇಕೋ ಬ್ಯಾಡೋ ಅಂತ ತಿಂಗಳಿಂದ ತಲಿ ಕೆಟ್ಟಿತ್ತು. ನಿಮ್ಮ ಮಾತು ಕೇಳಿ ಬಗೀಹರೀತು. ಪೊಲೀಸರು ಬ್ಯಾಡ. ಬೈಯೋರಿಗೂ ಹೌದು, ಬೈಸ್ಕೊಳ್ಳೋರಿಗೂ ಹೌದು ಅನ್ನೋ ಮನಷ್ಯಾ ಬೇಕು. ಕುರ್ಡಿಗೆ ನಿಮ್ಮ ಆರ್ಡರ್ ಇವತ್ತೇ ಮಾಡಸ್ತೀನ್ರಿ.”

ಮೇ ತಿಂಗಳ ಮೂವತ್ತೊಂದು ದಿನವೂ ಅಂಬರೀಶ ಮಾಸ್ತರರು ಕುರ್ಡಿಯ ಬಿಸಿಲಿನಲ್ಲಿ ಬಾಗಿಲು ಬಡಿದರು.